ಕಡಲ ದಂಡೆಯ ನೂರಿಪ್ಪತ್ತಾರನೇ ಗುಡಿಸಲು

ಥಾರ್ನ್‌ಸೀ ಊರಿನ ಕಡಲ ದಂಡೆಯಲ್ಲಿ ಸಾಲಾಗಿ ನಿಂತ ನೂರ ಮೂವತ್ತು ಮರದ ಗುಡಿಸಲುಗಳ ಪೈಕಿ ಹತ್ತೊಂಬತ್ತರ ಬೀಗದ ಕೈ ಗ್ಲೆಂಡಾ ಗ್ಯಾರಡ್ ಹತ್ತಿರ ಇತ್ತು. ಅವುಗಳಲ್ಲಿ ಒಂದೂ ಅವಳದಾಗಿರಲಿಲ್ಲ.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಶುಕ್ರವಾರ ಬೆಳಿಗ್ಗೆ ಏಳಕ್ಕೆಲ್ಲ ಅವಳು ಬಕೆಟ್ಟು, ಪೊರಕೆ ಹಿಡಿದು ದಂಡೆಗೆ ಇಳಿಯುತ್ತಿದ್ದಳು. ಒಂದೊಂದೇ ಬಾಗಿಲು ತೆಗೆದು ಗಾಳಿಯಾಡಲು ಬಿಟ್ಟು, ವಾರವಿಡೀ ಸಂದುಗೊಂದಿಗೆ ನುಗ್ಗಿದ ಮರಳನ್ನು ಗುಡಿಸಿ, ಮೆಟ್ಟಿಲ ಮೇಲಿನ ಹಕ್ಕಿಯ ಹಿಕ್ಕೆ ಉಜ್ಜಿ, ದಿಂಬು ಕೊಡವಿ, ಬೀದಿ ನಲ್ಲಿಯಿಂದ ನೀರು ತಂದು ಕೆಟಲ್ ತುಂಬಿಸಿಟ್ಟು ಹೋಗುವಳು. ಸಂಜೆ ಲಂಡನ್ನಿನಿಂದ ಮಾಲೀಕರು ಬಂದಿಳಿದಾಗ ಬೆಂಕಿಕಡ್ಡಿ ಗೀರಿದರೆ ಸಾಕು, ಚಹಾ ಆಗಬೇಕು. ಊರಿನವರು ತಮಾಷೆಗೆ ಅವಳನ್ನು ‘ಗುಡಿಸಲು ಗುಡಿಸೋ ಗ್ಲೆಂಡಾ’ ಎನ್ನುತ್ತಿದ್ದರು. ಅವಳು ಅದಕ್ಕೇನೂ ಬೇಜಾರು ಮಾಡಿಕೊಂಡವಳಲ್ಲ. ಅವಳು ಗುಡಿಸಿದ ನೆಲದ ಮೇಲೆ ಬರಿಗಾಲಲ್ಲಿ ನಡೆದರೆ ಒಂದು ಮರಳ ಕಣ ಅಂಗಾಲಿಗೆ ಹತ್ತುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಗುಡಿಸಲುಗಳಲ್ಲಿ ಎರಡು ಬಗೆ. ಉತ್ತರದ ಕಡೆಯ ನೂರು ಖಾಸಗಿಯವರವು. ಗ್ಲೆಂಡಾ ಚಿಕ್ಕವಳಿದ್ದಾಗ ಅವು ಮೀನಂಗಡಿಯವರ, ಶಾಲೆ ಮೇಷ್ಟರ, ಬಸ್ ಕಂಡಕ್ಟರುಗಳ ಕೈಯಲ್ಲಿದ್ದವು. ಹಳೇ ಕಾರಿನ ಬೆಲೆಗೆ ಒಂದು ಸಿಗುತ್ತಿತ್ತು. ಹೋದ ಶರತ್ಕಾಲದಲ್ಲಿ ಮೂವತ್ತೆಂಟನೇ ನಂಬರಿನದು ಒಂದು ಲಕ್ಷ ನಲವತ್ತು ಸಾವಿರ ಪೌಂಡಿಗೆ ಮಾರಾಟವಾದಾಗ, ಹುರಿದ ಮೀನಿನ ಅಂಗಡಿಯ ಸಾಲಿನಲ್ಲಿ ನಿಂತವರು ವಾರಗಟ್ಟಲೆ ಬೇರೆ ಮಾತೇ ಆಡಲಿಲ್ಲ.

“ಏನೇನಿದೆಯಂತೆ ಅದರೊಳಗೆ?”

“ಏನೂ ಇಲ್ಲ. ಕರೆಂಟಿಲ್ಲ, ನಲ್ಲಿಯಿಲ್ಲ, ಕಕ್ಕಸಿಲ್ಲ. ರಾತ್ರಿ ಮಲಗೋಕೂ ಬಿಡಲ್ಲ.”

“ಮತ್ತೆ ಇರೋದಾದ್ರೂ ಏನು?”

“ಒಂದು ಬಾಗಿಲಿದೆ. ತೆಗೆದ್ರೆ ಸಮುದ್ರ ಇದೆ.”

ದಕ್ಷಿಣದ ತುದಿಯ ಮೂವತ್ತು ಪುರಸಭೆಯವು. ಅವನ್ನು ಮಾರುವ ಹಾಗಿಲ್ಲ, ಒಳಬಾಡಿಗೆಗೆ ಕೊಡುವ ಹಾಗಿಲ್ಲ. ಊರಿನವರಿಗೆ ಮಾತ್ರ ವರ್ಷದ ಬಾಡಿಗೆಗೆ ಸಿಗುತ್ತವೆ. ಸಿಗಬೇಕೆಂದರೆ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕು. ಹಿಡಿದವರು ಬಿಡುವುದಿಲ್ಲ. ಯಾರಾದರೂ ತೀರಿಕೊಂಡರೋ, ಊರು ಬಿಟ್ಟರೋ, ಆಗ ಪಟ್ಟಿ ಒಂದು ಹೆಜ್ಜೆ ಮುಂದೆ ಸರಿಯುತ್ತದೆ.

ಗ್ಲೆಂಡಾ ಹೆಸರು ಬರೆಸಿದ್ದು ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ, ತನ್ನ ಮೂವತ್ತೊಂಬತ್ತನೇ ವಯಸ್ಸಿನಲ್ಲಿ. ಅವತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಮರಳಿಗೆ ಬಂದಿದ್ದಳು. ಬಂದ ಅರ್ಧ ಗಂಟೆಗೆ ಗಾಳಿ ಎದ್ದಿತು, ಮಳೆ ಅಡ್ಡಡ್ಡ ಹೊಡೆಯಿತು. ಒದ್ದೆ ಟವೆಲನ್ನು ಮರೆಯಾಗಿ ಹಿಡಿದು ನಡುಗುವ ಮಕ್ಕಳ ಚಡ್ಡಿ ಬದಲಾಯಿಸುತ್ತಿದ್ದಾಗ ಅವಳು ತಲೆಯೆತ್ತಿ ನೋಡಿದಳು. ಎದುರಿನ ಗುಡಿಸಲಿನ ಬಾಗಿಲಲ್ಲಿ ಒಬ್ಬ ಹೆಂಗಸು ಮೊಣಕಾಲ ಮೇಲೆ ಕಂಬಳಿ ಹೊದ್ದು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಮಳೆ ನೋಡುತ್ತ ಕೂತಿದ್ದಳು. ಆಕೆ ಗ್ಲೆಂಡಾಳನ್ನು ನೋಡಿ ನಕ್ಕದ್ದೂ ಇಲ್ಲ, ಮೂಗು ಮುರಿದದ್ದೂ ಇಲ್ಲ. ಸುಮ್ಮನೆ ಕೂತಿದ್ದಳು, ಕಡಲು ತನ್ನ ಹಿತ್ತಲೇನೋ ಅನ್ನುವ ಹಾಗೆ. ಮರುದಿನ ಗ್ಲೆಂಡಾ ಪುರಸಭೆಗೆ ಹೋಗಿ ಅರ್ಜಿ ಬರೆದುಕೊಟ್ಟಳು. “ಇನ್ನೂರ ಹನ್ನೊಂದನೇ ನಂಬರು” ಎಂದು ಗುಮಾಸ್ತ ಹೇಳಿದ.

ಫೋನು ಬಂದದ್ದು ಇಪ್ಪತ್ತೇಳು ವರ್ಷದ ಮೇಲೆ, ಒಂದು ಮಾರ್ಚ್ ತಿಂಗಳ ಬೆಳಿಗ್ಗೆ. ಆಗ ಅವಳು ಅಡುಗೆಮನೆಯಲ್ಲಿ ಗಂಡ ಟ್ರೆವರ್‌ಗೆ ಮೊಟ್ಟೆ ಬೇಯಿಸುತ್ತಿದ್ದಳು. ನೂರಿಪ್ಪತ್ತಾರನೇದು ಖಾಲಿಯಾಗಿದೆ, ಹದಿನಾಲ್ಕು ದಿನದೊಳಗೆ ಬೇಕು ಬೇಡ ತಿಳಿಸಿ, ಬಾಡಿಗೆ ವರ್ಷಕ್ಕೆ ಸಾವಿರದ ಇನ್ನೂರು ಪೌಂಡು ಎಂದು ಎಳೆಯ ದನಿಯೊಂದು ಹೇಳಿತು.

“ಯಾರದು?” ಟ್ರೆವರ್ ಕೇಳಿದ. ಮೂವತ್ತಾರು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಅವನ ಉಗುರಿನ ಸಂದಿಯ ಗ್ರೀಸು ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ.

“ಪುರಸಭೆಯವರು. ಗುಡಿಸಲು ಬಂತು.”

“ಯಾವ ಗುಡಿಸಲು?”

“ನಮ್ಮದು.”

ಮೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗುವವರೆಗೆ ಇಬ್ಬರೂ ವಾದ ಮಾಡಿದರು. ಸಾವಿರದ ಇನ್ನೂರು ಪೌಂಡು ಎಂದರೆ ಫೆಬ್ರವರಿಯಲ್ಲಿ ಅವರು ಹೋಗುತ್ತಿದ್ದ ಟೆನೆರೀಫ್ ದ್ವೀಪದ ಒಂದು ವಾರ. ಆ ಒಂದು ವಾರದ ಬಿಸಿಲಿಗಾಗಿ ಟ್ರೆವರ್ ಉಳಿದ ಐವತ್ತೊಂದು ವಾರ ಬದುಕುತ್ತಿದ್ದ.

“ನೋಡು ಗ್ಲೆಂಡಾ, ಸಮುದ್ರ ನಮ್ಮನೆಯಿಂದ ಆರು ನಿಮಿಷದ ದಾರಿ. ಬಿಟ್ಟಿ. ನೋಡ್ಕೊಂಡು ವಾಪಸ್ ಬಂದ್ರೆ ಇಲ್ಲಿ ಕುರ್ಚಿ ಇದೆ, ಟೀವಿ ಇದೆ, ಕಕ್ಕಸಿದೆ. ಅಲ್ಲಿ ದುಡ್ಡು ಕೊಟ್ಟು ಶೆಡ್ಡಲ್ಲಿ ಕೂತ್ಕೊಂಡು ಚಳಿಗೆ ಹಲ್ಲು ಕಡೀಬೇಕಾ?”

“ಟ್ರೆವರ್, ಇಪ್ಪತ್ತು ವರ್ಷದಿಂದ ಬೇರೆಯವರ ಕೆಟಲ್‌ಗೆ ನೀರು ತುಂಬಿಸಿಟ್ಟಿದೀನಿ. ಒಂದು ಸಲಾನೂ ಅದರಲ್ಲಿ ಚಾ ಮಾಡ್ಕೊಂಡು ಕುಡಿದಿಲ್ಲ. ಕುಡೀಬಹುದಿತ್ತು. ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

ಟ್ರೆವರ್ ಮೊಟ್ಟೆಯನ್ನು ತಟ್ಟೆಯಲ್ಲಿ ಅತ್ತಿತ್ತ ಉರುಳಿಸಿದ. “ಹಾಗಾದ್ರೆ ಟೆನೆರೀಫ್ ಬೇಡ ಅಂತೀಯಾ?”

“ಒಂದು ವರ್ಷ ಬೇಡ.”

“ಬಾಡಿಗೆ ವರ್ಷಾವರ್ಷ ಬರತ್ತೆ ಕಣೇ.”

“ಹಾಗಾದ್ರೆ ವರ್ಷಾವರ್ಷ ಬೇಡ.”

ಟ್ರೆವರ್ ಆ ಗಟ್ಟಿ ಮೊಟ್ಟೆಯನ್ನೇ ಮುರಿದು ತಿಂದ. ಒಪ್ಪಿಗೆಯೂ ಅಲ್ಲ, ಜಗಳವೂ ಅಲ್ಲ. ನಲವತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕಾಗಿತ್ತು. ಹದಿನಾಲ್ಕು ದಿನ ಏಕೆ, ಅವತ್ತೇ ಬೆಳಿಗ್ಗೆ ಹನ್ನೊಂದು ಹೊಡೆಯುವುದರೊಳಗೆ ಅವಳು ಪುರಸಭೆಗೆ ಫೋನು ಮಾಡಿ ಹೂಂ ಎಂದಳು.

ಎರಡು ಬೀದಿ ಆಚೆ ಇದ್ದ ಅಕ್ಕ ಮಾರ್ಲೀನ್‌ಗೆ ಸುದ್ದಿ ಮುಟ್ಟಿದ್ದೇ ತಡ, ಕೋಟು ಕೂಡ ಸರಿಯಾಗಿ ಹಾಕದೆ ಬಂದುಬಿಟ್ಟಳು. “ನಿಂಗೇನು ತಲೆ ಕೆಟ್ಟಿದೆಯಾ? ವಾರಪೂರ್ತಿ ಊರವರ ಶೆಡ್ಡು ಗುಡಿಸಿ ದುಡ್ಡು ಇಸ್ಕೊಳ್ತೀಯ. ಈಗ ನೀನೇ ದುಡ್ಡು ಕೊಟ್ಟು ಇನ್ನೊಂದು ಗುಡಿಸ್ತೀಯಾ?”

“ಹೌದು ಮಾರ್ಲೀನ್. ಅದನ್ನೂ ಗುಡಿಸ್ತೀನಿ. ಎಲ್ಲಕ್ಕಿಂತ ಚೆನ್ನಾಗಿ ಗುಡಿಸ್ತೀನಿ.”

“ನಾನಂತೂ ಆ ಕಡೆ ಕಾಲಿಡಲ್ಲ.”

“ಕರೆದ್ರೆ ತಾನೆ ಇಡೋದು” ಎಂದು ಗ್ಲೆಂಡಾ ಬಾಗಿಲು ಹಾಕಿಕೊಂಡಳು.

ನೂರಿಪ್ಪತ್ತಾರನೇದು ಸಾಲಿನ ಕೊನೆಯ ಹತ್ತಿರ, ಸಾರ್ವಜನಿಕ ಶೌಚಾಲಯದ ಪಕ್ಕಕ್ಕಿತ್ತು. ಹಿಂದಿನವನು ತೊಂಬತ್ತು ದಾಟಿದ ಮುದುಕ. ಕೊನೆಯ ಐದಾರು ವರ್ಷ ಅದರ ಬಾಗಿಲನ್ನೇ ತೆಗೆದಿರಲಿಲ್ಲ. ಉಪ್ಪುಗಾಳಿಗೆ ಬಾಗಿಲು ಊದಿಕೊಂಡು ಚೌಕಟ್ಟಿಗೆ ಕಚ್ಚಿ ಕೂತಿತ್ತು. ಟ್ರೆವರ್ ಭುಜ ಕೊಟ್ಟು ನೂಕಿದ ಮೇಲೆ ತೆರೆದುಕೊಂಡಿತು. ಒಳಗೆ ಒಣಗಿದ ಏಡಿಯ ಚಿಪ್ಪು, ಬಟ್ಟೆ ಹರಿದ ಎರಡು ಮಡಚು ಕುರ್ಚಿ, ಸೂರಿನ ಸಂದಿಯಿಂದ ಬೀಳುವ ಒಂದು ಗೆರೆ ಬೆಳಕು, ಜೊತೆಗೆ ಹಳೇ ಪಾಚಿಯ ನಾತ.

“ಅಬ್ಬಾ, ಅರಮನೆ!” ಎಂದ ಟ್ರೆವರ್.

ಗ್ಲೆಂಡಾ ಬಾಗಿಲಲ್ಲಿ ನಿಂತು ಹೊರಗೆ ನೋಡಿದಳು. ಕಂದು ಬಣ್ಣದ ಕಡಲು, ಇಳಿತದ ಹೊತ್ತು, ದೂರದಲ್ಲಿ ಒಂದು ಸರಕಿನ ಹಡಗು. ದಿನಾ ಕಾಣುವ ಕಡಲೇ. ಆದರೆ ಇಷ್ಟು ವರ್ಷ ಅವಳು ಅದನ್ನು ಪೊರಕೆ ಹಿಡಿದು ಬಗ್ಗಿದ ಬೆನ್ನಿನಿಂದ, ಅರ್ಧರ್ಧ ನೋಡಿದ್ದಳು. ಬಾಗಿಲ ಚೌಕಟ್ಟಿನೊಳಗೆ ನಿಂತು ಪೂರ್ತಿ ನೋಡಿದ್ದು ಅದೇ ಮೊದಲು. ಮುಖ ಟ್ರೆವರ್‌ಗೆ ಕಾಣದಿರಲೆಂದು ಆಚೆಗೇ ತಿರುಗಿ ನಿಂತು, “ಏನು ನೋಡ್ತಾ ನಿಂತೆ, ಬಕೆಟ್ ತಾ” ಎಂದು ಗದರಿದಳು.

ಆಮೇಲೆ ಎರಡು ತಿಂಗಳು ಅವಳು ಮೈಮುರಿದು ಕೆಲಸ ಮಾಡಿದಳು. ಆಶ್ಚರ್ಯವೆಂದರೆ ಟ್ರೆವರ್ ಮಾಡಿದ್ದು. ಮೊದಲ ದಿನ ಬಾಗಿಲ ಕೀಲು ಕಿರುಗುಟ್ಟುವುದನ್ನು ಕೇಳಲಾರದೆ ಗ್ರೀಸ್ ಡಬ್ಬಿ ತಂದವನು, ಮರುದಿನ ಬೇರೆ ಕೀಲೇ ತಂದ. ಅದರ ಮರುದಿನ ಸೂರಿಗೆ ಹತ್ತಿದ. ಡಿಪೋದ ಹಳೇ ಗೆಳೆಯನಿಂದ ಬಸ್ಸಿನ ಸೀಟಿನ ಬಟ್ಟೆ ಇಸಕೊಂಡು ಕುರ್ಚಿಗಳಿಗೆ ಹೊಲಿಸಿದ. ಗೋಡೆಗೆ ಮಡಚುವ ಮೇಜು ಜೋಡಿಸಿದ. ಅದನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ಅರ್ಧ ದಿನ ಕಳೆದ. ಟೆನೆರೀಫ್ ಹೆಸರು ಅವನ ಬಾಯಲ್ಲಿ ಬರುವುದೇ ಕಡಿಮೆಯಾಯಿತು.

ಪುರಸಭೆ ಒಪ್ಪಿದ ಬಣ್ಣ ಆರೇ ಆರು. ಗ್ಲೆಂಡಾ ಹಳದಿ ಆರಿಸಿಕೊಂಡಳು. ಶಾಲೆಯ ಊಟದಲ್ಲಿ ಪುಡಿಂಗಿನ ಮೇಲೆ ಸುರಿಯುತ್ತಿದ್ದ ಕಸ್ಟರ್ಡಿನ ದಪ್ಪ ಹಳದಿ. ಎರಡು ಸಲ ಹಚ್ಚಿದಳು, ತೃಪ್ತಿಯಾಗದೆ ಮೂರನೇ ಸಲ ಹಚ್ಚಿದಳು. ಇನ್ನು ಹೆಸರಿನ ಹಲಗೆ. ಖಾಸಗಿ ಸಾಲಿನಲ್ಲಿ ‘ಅಲೆಯ ಮಡಿಲು’, ‘ಮರಳುಗಾಲು’, ‘ಸೋಮವಾರ ಬೇಡ’ ಎಂದೆಲ್ಲ ಇದ್ದವು.

“ನಿಂದಕ್ಕೆ ಏನು ಬರೀಲಿ?” ಕುಂಚ ಹಿಡಿದು ಟ್ರೆವರ್ ಕೇಳಿದ. “‘ಟೆನೆರೀಫ್’ ಅಂತ ಬರೆದುಬಿಡ್ಲಾ?”

“ನನ್ನ ಹೆಸರು ಬರಿ.”

“ಬರೀ ಹೆಸರಾ?”

“ಪೂರ್ತಿ ಹೆಸರು. ಗ್ಲೆಂಡಾ ಗ್ಯಾರಡ್. ದೊಡ್ಡಕ್ಕೆ ಬರಿ.”

ಮೇ ತಿಂಗಳ ಕೊನೆಯ ವಾರ, ಸೋಮವಾರವೂ ರಜೆ ಕೂಡಿ ಬಂದಿತ್ತು. ಊರು ತುಂಬಿ ತುಳುಕುತ್ತಿತ್ತು. ಶುಕ್ರವಾರ ಹತ್ತೊಂಬತ್ತನ್ನೂ ಗುಡಿಸಿ ಮುಗಿಸಿದ ಗ್ಲೆಂಡಾ, ಶನಿವಾರ ಬೆಳಿಗ್ಗೆ ಕೂದಲು ಸೆಟ್ ಮಾಡಿಸಿಕೊಂಡು, ನೀಲಿ ಹತ್ತಿಯ ಫ್ರಾಕು ಹಾಕಿಕೊಂಡು ತನ್ನ ಬಾಗಿಲು ತೆಗೆದಳು. ತನ್ನ ಕೆಟಲ್‌ಗೆ ನೀರು ತುಂಬಿಸಿದಳು. ತನ್ನ ಒಲೆ ಹಚ್ಚಿದಳು. ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಸ್ಸಿನ ಬಟ್ಟೆಯ ಕುರ್ಚಿಯಲ್ಲಿ ಕೂತು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಳು. ಮೊದಲ ಗುಟುಕು ನಾಲಿಗೆ ಸುಟ್ಟಿತು. ಜನ್ಮದಲ್ಲಿ ಅಂಥ ಚಹಾ ಕುಡಿದಿರಲಿಲ್ಲ ಎನಿಸಿತು.

ಆಗ ದಂಡೆಯ ಹಾದಿಯಲ್ಲಿ ಇಮೋಜನ್ ಆಶ್‌ಕ್ರಾಫ್ಟ್ ಬಂದಳು. ಐವತ್ತೆರಡನೇ ನಂಬರಿನ ಒಡತಿ. ನಾಲ್ಕು ವರ್ಷದ ಹಿಂದೆ ಕೊಂಡವಳು. ಲಂಡನ್ನಿನಲ್ಲಿ ದೊಡ್ಡ ಕೆಲಸ, ಗಂಡನಿಗೆ ಇನ್ನೂ ದೊಡ್ಡದು. ಕೆಟ್ಟವಳೇನಲ್ಲ, ಗ್ಲೆಂಡಾಗೆ ಕ್ರಿಸ್ಮಸ್ಸಿಗೆ ಮರೆಯದೆ ಚಾಕೊಲೇಟ್ ಡಬ್ಬಿ ಕಳಿಸುವವಳು. ಜೊತೆಯಲ್ಲಿ ಅಗಲ ಟೋಪಿಯ ಗೆಳತಿಯೊಬ್ಬಳಿದ್ದಳು.

“ಓ ಗ್ಲೆಂಡಾ! ಸದ್ಯ, ಸಿಕ್ಕಿದ್ರಿ. ಹುಡುಗ್ರು ಮರಳನ್ನೆಲ್ಲ ಒಳಗೆ ತಂದು ಸುರಿದುಬಿಟ್ಟಿದಾರೆ. ಬಂದು ಒಂಚೂರು ಪೊರಕೆ ಆಡಿಸಿಬಿಡ್ತೀರಾ? ಇವತ್ತು ಯಾರದ್ದು ಮಾಡ್ತಿದೀರಿ, ಇದು?”

ಗ್ಲೆಂಡಾ ಬಟ್ಟಲನ್ನು ಕೆಳಗಿಡಲಿಲ್ಲ. ಏಳಲೂ ಇಲ್ಲ. ಏಳಬೇಕೆಂದು ಮೊಣಕಾಲು ತಾನಾಗಿಯೇ ಒಂದು ಸಲ ಮಿಸುಕಿತು. ಅವಳು ಅದನ್ನು ತಡೆದಳು.

“ಇದು ನಂದು, ಮಿಸೆಸ್ ಆಶ್‌ಕ್ರಾಫ್ಟ್.”

“ಅಂದ್ರೆ?”

“ನನ್ನ ಗುಡಿಸಲು. ಮೇಲೆ ಹೆಸರಿದೆ ನೋಡಿ. ಇವತ್ತು ಕೆಲಸಕ್ಕೆ ಬಂದಿಲ್ಲ. ಮಂಗಳವಾರ ಬಂದು ಗುಡಿಸ್ತೀನಿ.”

ಇಮೋಜನ್ ತಲೆಯೆತ್ತಿ ಹಲಗೆ ಓದಿದಳು. ಅವಳ ಮುಖ ಕತ್ತಿನಿಂದ ಮೇಲಕ್ಕೆ ನಿಧಾನವಾಗಿ ಕೆಂಪೇರಿತು. “ಅಯ್ಯೋ, ನಾನೆಂಥವಳು... ಕ್ಷಮಿಸಿ ಗ್ಲೆಂಡಾ. ತುಂಬಾ ಮುದ್ದಾಗಿದೆ. ನಿಜವಾಗ್ಲೂ.”

ಟೋಪಿಯ ಗೆಳತಿ, ಅವಳ ಹೆಸರು ಫೆನೆಲಾ, ಒಳಗೆ ಇಣುಕಿ ನೋಡಿದಳು. ಮೇಜು, ಕುರ್ಚಿ, ತೂಗುಹಾಕಿದ ಬಟ್ಟಲುಗಳು, ಒಂದು ಕಣ ಮರಳಿಲ್ಲದ ನೆಲ. “ನಾನು ಎರಡು ವರ್ಷದಿಂದ ಒಂದಕ್ಕೆ ಒದ್ದಾಡ್ತಿದೀನಿ. ಪ್ರತಿ ಸಲಾನೂ ಯಾರೋ ನನಗಿಂತ ಜಾಸ್ತಿ ಬೆಲೆ ಕೂಗ್ತಾರೆ. ನಿಮಗೆ ಹೇಗೆ ಸಿಕ್ತು?”

“ಕಾದೆ” ಎಂದಳು ಗ್ಲೆಂಡಾ.

ಅವರು ಹೋದ ಮೇಲೆ ಪಕ್ಕದ ನೂರಿಪ್ಪತ್ತೈದರ ಬಾಗಿಲಲ್ಲಿ ಕೂತಿದ್ದ ಅಂಚೆಯವನ ಹೆಂಡತಿ ಜೋರಾಗಿ ನಗಾಡಿದಳು. “ಮಂಗಳವಾರ ಬಂದು ಗುಡಿಸ್ತೀನಿ! ಇನ್ನೊಂದ್ಸಲ ಹೇಳು ಗ್ಲೆಂಡಾ, ನಮ್ಮನೆಯವ್ರು ಕೇಳಿಸ್ಕೊಂಡಿಲ್ಲ.” ಗ್ಲೆಂಡಾ ಇನ್ನೊಂದು ಸಲ ಹೇಳಲಿಲ್ಲ. ಮನಸ್ಸಿನಲ್ಲಿ ಮಾತ್ರ ಹತ್ತು ಸಲ ಹೇಳಿಕೊಂಡಳು. ಪ್ರತಿ ಸಲವೂ ರುಚಿಯಾಗಿತ್ತು.

ಹದಿನೈದು ದಿನದ ಮೇಲೆ ಇಮೋಜನ್ ಮತ್ತು ಫೆನೆಲಾ ಮತ್ತೆ ಬಂದರು, ಈ ಸಲ ಒಂದು ಬುಟ್ಟಿ ಸ್ಟ್ರಾಬೆರಿ ಹಿಡಿದುಕೊಂಡು. ಟ್ರೆವರ್ ಮೆಟ್ಟಿಲ ಮೇಲೆ ಕೂತು ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಮಾತು ಹವೆಯಿಂದ ಶುರುವಾಗಿ, ಸುತ್ತು ಬಳಸಿ, ಕೊನೆಗೆ ಫೆನೆಲಾಳೇ ವಿಷಯಕ್ಕೆ ಬಂದಳು.

“ಇದನ್ನ ಮಾರೋ ಹಾಗಿಲ್ಲ ಅಂತ ಗೊತ್ತು. ನಾನು ಮಾರಿ ಅಂತ ಕೇಳ್ತಿಲ್ಲ. ಕಾಗದದ ಮೇಲೆ ನಿಮ್ಮ ಹೆಸರೇ ಇರ್ಲಿ. ಬಾಡಿಗೆ ನಾನು ಕಟ್ತೀನಿ. ಬೇಸಿಗೇಲಿ ನಾವು ಬಂದು ಇರ್ತೀವಿ. ಐದು ವರ್ಷಕ್ಕೆ ನಿಮಗೆ ಇಪ್ಪತ್ತು ಸಾವಿರ ಪೌಂಡು. ಚಳಿಗಾಲದಲ್ಲಿ ನೀವೇ ಇಟ್ಕೊಳ್ಳಿ.”

“ಯಾರಿಗೂ ಗೊತ್ತಾಗಲ್ಲ” ಎಂದು ಇಮೋಜನ್ ಮೆಲ್ಲಗೆ ಸೇರಿಸಿದಳು.

ಗ್ಲೆಂಡಾ ಗಂಡನ ಕಡೆ ನೋಡಿದಳು. ಅವನ ಎಣ್ಣೆಡಬ್ಬಿ ನಿಂತುಹೋಗಿತ್ತು. ಇಪ್ಪತ್ತು ಸಾವಿರ! ಅಷ್ಟರಲ್ಲಿ ಎಷ್ಟು ಫೆಬ್ರವರಿಗಳು, ಎಷ್ಟು ಬಿಸಿಲು ಬರುತ್ತದೆಂದು ಈ ಮನುಷ್ಯ ಈಗ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡಳು. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತನಗಾಗಿ ಅವನು ಬಿಟ್ಟದ್ದು ಸಣ್ಣದೇನಲ್ಲ. ‘ಬೇಡ’ ಎಂಬ ಮಾತು ಬಾಯಿಗೆ ಬಂದಿತ್ತು. ಅವನ ಮುಖ ನೋಡಿ ಒಂದು ಗಳಿಗೆ ತಡೆದಳು.

ಟ್ರೆವರ್ ಎದ್ದು ನಿಂತು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಅಲ್ಲಮ್ಮಾ, ಈ ಬಾಗಿಲಿನ ಕೀಲು ಯಾರು ಹಾಕಿದ್ದು ಗೊತ್ತಾ?”

ಫೆನೆಲಾ ಕಣ್ಣು ಮಿಟುಕಿಸಿದಳು. “ಗೊತ್ತಿಲ್ಲ.”

“ನಾನು. ಸೂರು?”

“...ನೀವಾ?”

“ನಾನೇ. ಆ ಮೇಜು ಮಡಚಿ ನೋಡಿ. ಕೂದಲೆಳೆ ಸಂದು ಬಿಡಲ್ಲ. ನನ್ನ ಹೆಂಡತಿ ಮೂರು ಸಲ ಬಣ್ಣ ಹಚ್ಚಿದಾಳೆ, ಬ್ರಷ್ಷಿನ ಒಂದು ಗೀರು ತೋರ್ಸಿ ನೋಡೋಣ. ನಿಮಗೆ ಗುಡಿಸಲು ಬೇಕು ಅಂದ್ರೆ ಪುರಸಭೆ ಮೇಲಿನ ರಸ್ತೇಲೇ ಇದೆ. ಈ ಊರಲ್ಲಿ ಮನೆ ಮಾಡಿ, ಪಟ್ಟೀಲಿ ಹೆಸರು ಬರೆಸಿ. ನಾವೂ ಹಾಗೇ ಮಾಡಿದ್ವಿ. ಇಪ್ಪತ್ತೇಳು ವರ್ಷ ಆಗತ್ತೆ ಅಷ್ಟೆ, ನೋಡ್ತಾ ನೋಡ್ತಾ ಕಳೆದುಹೋಗತ್ತೆ.”

ಇಮೋಜನ್ ನಗಲು ನೋಡಿದಳು, ಆಗಲಿಲ್ಲ. ಗ್ಲೆಂಡಾ ಬುಟ್ಟಿಯನ್ನು ಎತ್ತಿ ವಾಪಸ್ ಕೊಟ್ಟಳು. “ಮಿಸೆಸ್ ಆಶ್‌ಕ್ರಾಫ್ಟ್, ಹಣ್ಣಿಗೆ ಥ್ಯಾಂಕ್ಸ್. ಆದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ರಲ್ಲ, ನಂಗೆ ಗೊತ್ತಾಗತ್ತೆ. ನನ್ನ ಹಿಂದೆ ಪಟ್ಟೀಲಿ ಇನ್ನೂ ಮುನ್ನೂರು ಜನ ಕಾಯ್ತಿದಾರೆ. ಅವರಲ್ಲಿ ಎಷ್ಟೋ ಜನ ನನ್ನ ಜೊತೆ ಓದಿದವರು.”

ಅವರ ಬೆನ್ನು ಮರೆಯಾದ ಮೇಲೆ ಗ್ಲೆಂಡಾ ಗಂಡನ ಕಡೆ ತಿರುಗಿದಳು. “ನೀನು ಟೆನೆರೀಫ್ ಲೆಕ್ಕ ಹಾಕ್ತಿದೀಯ ಅಂದ್ಕೊಂಡೆ ನಾನು.”

“ಹಾಕ್ದೆ. ಸುಳ್ಳೇಕೆ ಹೇಳ್ಲಿ. ಹದಿನಾರು ಸಲ ಆಗ್ತಿತ್ತು.” ಅವನು ಮತ್ತೆ ಕೂತು ಬೀಗ ಎತ್ತಿಕೊಂಡ. “ಆದ್ರೆ ಅಲ್ಲಿ ನನ್ನ ಕೈಯಾರೆ ಮಾಡಿದ್ದು ಏನೂ ಇಲ್ವಲ್ಲ.”

ಆಮೇಲೆ ಕೆಲವು ವಾರ ಇಮೋಜನ್ ಬಿಗುವಾಗಿದ್ದಳು. ಗುಡಿಸಿದ ದುಡ್ಡು ಲಕೋಟೆಯಲ್ಲಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಕೆಲಸ ಬಿಡಿಸಿಯಾಳೇನೋ ಎಂದು ಗ್ಲೆಂಡಾಗೆ ಅನಿಸದೆ ಇರಲಿಲ್ಲ. ಆದರೂ ಐವತ್ತೆರಡನೇದನ್ನು ಮೊದಲು ಗುಡಿಸುತ್ತಿದ್ದ ಹಾಗೆಯೇ ಗುಡಿಸಿದಳು, ಒಂದು ಮೂಲೆಯನ್ನೂ ಬಿಡಲಿಲ್ಲ. ಬದಲಾದದ್ದು ಒಂದೇ: ಗುಡಿಸಿ ಮುಗಿಸಿ ಬೀಗ ಹಾಕಿದವಳು ಬಕೆಟ್ಟು ಹಿಡಿದು ಮನೆಗೆ ಹೋಗುತ್ತಿರಲಿಲ್ಲ. ದಂಡೆಯ ಉದ್ದಕ್ಕೂ ನಡೆದು ಕಸ್ಟರ್ಡ್ ಹಳದಿಯ ಬಾಗಿಲಿಗೆ ಬರುವಳು, ಅಲ್ಲಿ ಟ್ರೆವರ್ ನೀರು ಕುದಿಸಿಟ್ಟಿರುವನು.

ಆಗಸ್ಟಿನ ಒಂದು ಮಧ್ಯಾಹ್ನ ಕಡಲ ಕಡೆಯಿಂದ ಕಪ್ಪು ಮೋಡ ಎದ್ದು ಬಂತು. ಮರಳಿನ ಮೇಲಿದ್ದವರು ಚಾಪೆ, ಛತ್ರಿ ಎತ್ತಿಕೊಂಡು ಓಡಿದರು. ಮಳೆ ಬಿದ್ದ ಎರಡೇ ನಿಮಿಷಕ್ಕೆ ಗ್ಲೆಂಡಾಳ ಗುಡಿಸಲಿನೊಳಗೆ ಎಂಟು ಜನರಾದರು: ಯಾರದೋ ಇಬ್ಬರು ಅವಳಿ ಹೆಣ್ಣುಮಕ್ಕಳು, ಅವರ ತಾಯಿ, ಸೈಕಲ್ ತುಳಿಯುತ್ತ ಬಂದ ಒಂದು ಜೋಡಿ, ನೀರು ಸೋರುವ ನಾಯಿ ಹಿಡಿದ ಪಾದ್ರಿ, ಮತ್ತೆ ಗ್ಲೆಂಡಾ, ಟ್ರೆವರ್. ಗ್ಲೆಂಡಾ ಇದ್ದ ಬಟ್ಟಲನ್ನೆಲ್ಲ ಇಳಿಸಿದಳು. ಸಾಲದೆ ಜಾಡಿಯಲ್ಲೂ ಚಹಾ ಕೊಟ್ಟಳು. ಮಕ್ಕಳಿಗೆ ಒಣ ಟವೆಲು ಹೊದಿಸಿದಳು.

ಒಂಬತ್ತನೆಯವಳು ಇಮೋಜನ್. ತಲೆಯಿಂದ ನೀರು ಇಳಿಯುತ್ತಿತ್ತು. ಮೆಟ್ಟಿಲ ಕೆಳಗೇ ನಿಂತಳು.

“ಗ್ಲೆಂಡಾ, ಬೀಗದ ಕೈ ಕಾರಲ್ಲಿ ಬಿಟ್ಟೆ. ನನ್ನ ಗಂಡ ಪಿಯರ್ಸ್ ಕಾರು ತಗೊಂಡು ಸ್ಟೇಷನ್‌ಗೆ ಹೋಗಿದಾನೆ. ನಿಮ್ಮ ಹತ್ರ ನನ್ನದೊಂದು ಇದೆಯಲ್ಲ...”

“ಅದು ಮನೇಲಿದೆ. ಈ ಮಳೇಲಿ ಆರು ನಿಮಿಷ ಹೋಗಿ ಆರು ನಿಮಿಷ ಬರೋರ‍್ಯಾರು?” ಗ್ಲೆಂಡಾ ತನ್ನ ಕುರ್ಚಿಯಿಂದ ಎದ್ದಳು. ಏಳುವಾಗ ಮೊಣಕಾಲು ಈ ಸಲ ತಾನಾಗಿ ಏಳಲಿಲ್ಲ, ಅವಳೇ ಎಬ್ಬಿಸಿದಳು. “ಒಳಗೆ ಬಾ ಇಮೋಜನ್. ನೆನೆದು ನಿಂತ್ಕೊಬೇಡ. ಕಾಲು ಒರೆಸ್ಕೊಂಡು ಬಾ, ನೆಲ ಗುಡಿಸಿದೀನಿ.”

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಇಮೋಜನ್‌ಗೂ ಅದು ಕೇಳಿಸಿತು. ಚಾಪೆಯ ಮೇಲೆ ಒಂದೊಂದೇ ಕಾಲನ್ನು ಚೆನ್ನಾಗಿ ಒರೆಸಿ, ಒಳಗೆ ಬಂದು, ಬಸ್ಸಿನ ಬಟ್ಟೆಯ ಕುರ್ಚಿಯಲ್ಲಿ ಕೂತು ಚಹಾ ಇಸಕೊಂಡಳು. ಬಹಳ ಹೊತ್ತು ಮಳೆ ನೋಡಿದಳು.

“ನಾವು ನಮ್ಮದನ್ನ ಮಾರ್ತಿದೀವಿ” ಎಂದಳು ಆಮೇಲೆ. “ಪಿಯರ್ಸ್ ಹೇಳಿದ, ಈಗ ಮಾರಿದ್ರೇ ಒಳ್ಳೇ ಬೆಲೆ ಅಂತ. ನಾಲ್ಕು ವರ್ಷದಲ್ಲಿ ನಾವು ಇಲ್ಲಿ ಎಷ್ಟು ದಿನ ಕೂತಿದೀವಿ ಅಂತ ಮೊನ್ನೆ ನೆನೆಸ್ಕೊಂಡೆ. ಒಂದು ತಿಂಗಳೂ ಆಗಲ್ಲ. ಮಳೆ ಬಂದಾಗಂತೂ ಒಂದು ದಿನಾನೂ ಕೂತಿಲ್ಲ. ಮಳೆ ಬಂದ್ರೆ ಕಾರು ಹತ್ತಿ ಹೋಗಿಬಿಡ್ತಿದ್ವಿ.”

“ಮಳೆ ಬಂದಾಗಲೇ ಚೆನ್ನಾಗಿರೋದು” ಎಂದಳು ಗ್ಲೆಂಡಾ.

“ಹೌದು, ಈಗ ಗೊತ್ತಾಯ್ತು.” ಇಮೋಜನ್ ಬಟ್ಟಲಿನೊಳಗೆ ನೋಡಿದಳು. “ಅವತ್ತು ಹಾಗೆ ಕೇಳ್ಬಾರದಾಗಿತ್ತು, ನಾನು.”

“ಬಿಡು. ಕೇಳಿದ್ದಕ್ಕೇ ನಂಗೂ ನನ್ನ ಗಂಡ ಎಂಥವನು ಅಂತ ಗೊತ್ತಾಗಿದ್ದು.”

ಮೂಲೆಯಲ್ಲಿ ನಾಯಿಯ ಮೈ ಒರೆಸುತ್ತಿದ್ದ ಟ್ರೆವರ್ ಕೇಳಿಸದವನ ಹಾಗೆ ಇನ್ನೂ ಜೋರಾಗಿ ಒರೆಸಿದ.

ಸೆಪ್ಟೆಂಬರಿನಲ್ಲಿ ಐವತ್ತೆರಡನೇ ನಂಬರು ಒಂದು ಲಕ್ಷ ಅರವತ್ತೈದು ಸಾವಿರ ಪೌಂಡಿಗೆ ಹೋಯಿತು. ಊರಿನ ಪತ್ರಿಕೆಯ ಮೊದಲ ಪುಟದಲ್ಲೇ ಸುದ್ದಿ. ಪತ್ರಿಕೆಯನ್ನು ಕಂಕುಳಲ್ಲಿ ಹಿಡಿದು, ಕಾಲಿಡುವುದೇ ಇಲ್ಲ ಎಂದಿದ್ದ ಮಾರ್ಲೀನ್ ದಂಡೆಯ ಹಾದಿಯಲ್ಲಿ ದಡಬಡ ಬಂದಳು.

“ಓದಿದ್ಯಾ? ಒಂದು ಲಕ್ಷ ಅರವತ್ತೈದು ಸಾವಿರ! ಶೆಡ್ಡಿಗೆ!”

“ಓದಿದೆ. ಚಿತ್ರ ತೆಗೆಯೋಕೆ ಮುಂಚೆ ಅದನ್ನ ಗುಡಿಸಿದ್ದೇ ನಾನು.”

“ಹಾಗಾದ್ರೆ ನಿಂದಕ್ಕೆ ಎಷ್ಟು ಬರತ್ತೆ?”

“ನಂದಕ್ಕೆ ಒಂದು ಪೆನ್ನಿ ಕಾಸೂ ಬರಲ್ಲ ಮಾರ್ಲೀನ್. ಮಾರೋ ಹಾಗಿಲ್ಲ.”

ಮಾರ್ಲೀನ್ ಹಳದಿ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಹೆಸರಿನ ಹಲಗೆಯನ್ನು ತುಟಿಯಲ್ಲೇ ಓದಿದಳು. ತಮ್ಮ ಮನೆತನದಲ್ಲಿ ಯಾರ ಹೆಸರೂ ಹೀಗೆ ಬಣ್ಣದಲ್ಲಿ, ಹಾದುಹೋಗುವವರೆಲ್ಲ ಓದುವ ಹಾಗೆ ಎಲ್ಲೂ ಬರೆದದ್ದಿರಲಿಲ್ಲ ಎಂಬುದು ಅವಳಿಗೂ ಹೊಳೆದಿರಬೇಕು. ಪತ್ರಿಕೆ ಮಡಚಿಟ್ಟು ಟ್ರೆವರ್‌ನ ಕುರ್ಚಿಯಲ್ಲಿ ಕೂತಳು. ಕಡಲಿಗೆ ಭರತ ಏರುತ್ತಿತ್ತು. ಗ್ಲೆಂಡಾ ಚಹಾ ಕೊಟ್ಟಳು, ಜೊತೆಗೆ ಒಂದು ತುಂಡು ಹಣ್ಣಿನ ಕೇಕು. ಒಂದು ಗಂಟೆಯಾಯಿತು, ಎರಡಾಯಿತು. ಸೀಸದ ಬಣ್ಣದ ನೀರಿನ ಮೇಲೆ ಮೀನುದೋಣಿಗಳು ಒಂದರ ಹಿಂದೆ ಒಂದು ವಾಪಸಾದವು. ಕುರ್ಚಿಯಿಲ್ಲದ ಟ್ರೆವರ್ ಮೆಟ್ಟಿಲ ಮೇಲೆ ಕೂತು ಆಗಾಗ ನಿಟ್ಟುಸಿರು ಬಿಡುತ್ತಿದ್ದ. ಮಾರ್ಲೀನ್ ಅದನ್ನು ಗಮನಿಸಲಿಲ್ಲ.

“ನಾಳೆ ಎಷ್ಟೊತ್ತಿಗೆ ತೆಗೀತೀಯ?” ಎಂದು ಕೊನೆಗೆ ಕೇಳಿದಳು, ಕಡಲಿನಿಂದ ಕಣ್ಣು ಕೀಳದೆ.

“ಹತ್ತಕ್ಕೆ.”

“ಬರ್ತೀನಿ.”

“ಬಾ” ಎಂದಳು ಗ್ಲೆಂಡಾ. “ಬರುವಾಗ ನಿನ್ನ ಕುರ್ಚಿ ನೀನೇ ತಗೊಂಡು ಬಾ.”